ತಮ್ಮನ ಕೈಯಲ್ಲಿ ನನ್ನ ಕುತ್ತಿಗೆ

ನನ್ನ ಕುತ್ತಿಗೆಯನ್ನು ನಾನು ನಂಬಿ ಕೊಟ್ಟದ್ದು ಒಬ್ಬನ ಕೈಗೆ ಮಾತ್ರ, ನನ್ನ ತಮ್ಮನ ಕೈಗೆ. ಅವನು ಕೈರೋಪ್ರಾಕ್ಟರ್. ಮಾತ್ರೆ ಕೊಡುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಕತ್ತು, ಬೆನ್ನು, ಸೊಂಟ ಎಲ್ಲಿ ಹಿಡಿದುಕೊಂಡಿದೆಯೋ ಅಲ್ಲಿ ಬೆರಳಿಟ್ಟು ಸಡಿಲ ಮಾಡುತ್ತಾನೆ. ಅವನ ಕ್ಲಿನಿಕ್ ಇರುವುದು ಒಂದು ಬೀಗದಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ದಿನವಿಡೀ ಮೇಲಿಂದ ಲಟಕ್ ಲಟಕ್ ಅನ್ನುವ ಸದ್ದು ಕೇಳಿ ಕೇಳಿ ಬೀಗದಂಗಡಿಯವನು ಅವನಿಗೆ ‘ನೆಟಿಗೆ ಡಾಕ್ಟರು’ ಅಂತ ಹೆಸರಿಟ್ಟ. ಈಗ ಬೀದಿಯವರೆಲ್ಲ ಹಾಗೇ ಕರೆಯುತ್ತಾರೆ. ಅದು ಕಿವಿಗೆ ಬಿದ್ದರೆ ತಮ್ಮನಿಗೆ ಮೈ ಉರಿಯುತ್ತದೆ, ಅದಕ್ಕೇ ನಾನೂ ಹಾಗೇ ಕರೆಯುತ್ತಿದ್ದೆ.

ನಾನು ಟವರ್ ಕ್ರೇನ್ ಓಡಿಸುವವಳು. ಕಟ್ಟಡಗಳು ಏಳುವ ಕಡೆ ಆಕಾಶಕ್ಕೆ ಕೈ ಚಾಚಿ ನಿಂತಿರುತ್ತದಲ್ಲ, ಅದರ ತುದಿಯಲ್ಲಿರುವ ಗಾಜಿನ ಗೂಡು ನನ್ನದು. ಬೆಳಿಗ್ಗೆ ಏಣಿ ಹತ್ತಿದರೆ ಊಟಕ್ಕೂ ಇಳಿಯುವುದಿಲ್ಲ. ಹತ್ತಿ ಇಳಿಯುವಷ್ಟರಲ್ಲಿ ಹಸಿವೇ ಸತ್ತಿರುತ್ತದೆ. ಸೈಟಿನಲ್ಲಿ ನನಗೆ ‘ಮೇಲಿನಮ್ಮ’ ಅಂತಾರೆ. ನೆಲದ ಮೇಲೆ ವಾಕಿ-ಟಾಕಿ ಹಿಡಿದು ನನಗೆ ಸಿಗ್ನಲ್ ಕೊಡುವವರು ನನ್ನ ಗಂಡ. ನಾನು ಮೇಲಿನಮ್ಮ ಆದಮೇಲೆ ಇವರು ‘ಕೆಳಗಿನಪ್ಪ’ ಆಗದೆ ಇರುತ್ತಾರೆಯೇ? ಕಂಬಿ ಕಟ್ಟುವವರು, ಸಿಮೆಂಟಿನವರು, ಕೊನೆಗೆ ಎಂಜಿನಿಯರೂ ಹಾಗೇ ಕೂಗುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಇವರೂ ನಗುತ್ತಿದ್ದರು.

ಕ್ರೇನಿನವರ ಕಾಯಿಲೆ ಕತ್ತಿನ ಕಾಯಿಲೆ. ಇಡೀ ದಿನ ಮೊಣಕಾಲುಗಳ ನಡುವಿನಿಂದ ಕೆಳಗೆ ಬಗ್ಗಿ ನೋಡುವುದೇ ಕೆಲಸ. ಮೂರು ಗಂಟೆಯ ಹೊತ್ತಿಗೆ ಹಿಂದಲೆಯಿಂದ ನೋವು ಹೊರಟು ಕಿವಿ ಬಳಸಿ ಹುಬ್ಬಿನ ಮೇಲೆ ಬಂದು ಕೂರುತ್ತಿತ್ತು. ತಲೆ ಸಿಡಿದುಹೋಗುತ್ತದೇನೋ ಅನ್ನಿಸುತ್ತಿತ್ತು. ಅದನ್ನು ವಾಸಿ ಮಾಡಿದವನು ತಮ್ಮನೇ. ಮಂಚದ ಮೇಲೆ ಅಂಗಾತ ಮಲಗಿಸಿ, ಎರಡೂ ಅಂಗೈಯಲ್ಲಿ ತಲೆ ಹಿಡಿದು, “ಮನೇಲಿ ಏನ್ ಅಡುಗೆ ಅಕ್ಕ?” ಅಂತ ಕೇಳುತ್ತಾನೆ. ನಾನು ಬಾಯಿ ತೆರೆಯುವಷ್ಟರಲ್ಲಿ ಲಟಕ್. ಮೊದಲ ಸಲ ಪ್ರಾಣವೇ ಹೋಯಿತು ಅಂದುಕೊಂಡು ಅವನ ಕೆನ್ನೆಗೆ ಬಾರಿಸಿದ್ದೆ. ಆಮೇಲೆ ಎದ್ದು ಕೂತರೆ ತಲೆ ಹತ್ತಿಯಷ್ಟು ಹಗುರ. ಅವನ ಕೈಗುಣವನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಹೊಟ್ಟೆಯುರಿ ಇರುವುದೇ ಅಲ್ಲಿ.

ತಲೆನೋವು ಹೋದ ಮೇಲೆ ತಲೆಸುತ್ತು ಬಂತು. ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದೆ ಅಷ್ಟೇ, ಸೂರು ಗರಗರ ತಿರುಗಿತು. ಸ್ವಲ್ಪ ಹೊತ್ತಿಗೆ ನಿಂತಿತು. ಪಿತ್ತ ಇರಬೇಕು ಅಂದುಕೊಂಡು ಕೆಲಸಕ್ಕೆ ಹೋದೆ. ಮಧ್ಯಾಹ್ನ ಒಂದು ಕಂಬಿಯ ಕಟ್ಟನ್ನು ಎತ್ತುತ್ತಾ ಬಲಕ್ಕೆ ಬಗ್ಗಿದಾಗ ಇಡೀ ಸೈಟೇ ಸುತ್ತಿತು. ಕಟ್ಟನ್ನು ಹೇಗೋ ನೆಲಕ್ಕೆ ಮುಟ್ಟಿಸಿ, ಯಂತ್ರ ಆಫ್ ಮಾಡಿ, ಏಣಿಯನ್ನು ತಬ್ಬಿಕೊಂಡೇ ಇಳಿದೆ. ನೇರ ಎಂಜಿನಿಯರ ಮುಂದೆ ನಿಂತು, “ಸರ್, ನಂಗೆ ತಲೆ ತಿರುಗ್ತಾ ಇದೆ. ವಾಸಿ ಆಗೋವರೆಗೂ ಹತ್ತಲ್ಲ” ಅಂದೆ. ಇಂಥದ್ದರಲ್ಲಿ ನಾನು ಹುಂಬತನ ಮಾಡುವವಳಲ್ಲ. ನನ್ನ ಕೊಕ್ಕೆಯ ಕೆಳಗೆ ಜನ ಓಡಾಡುತ್ತಾರೆ.

ಎಂಜಿನಿಯರು ನನ್ನನ್ನು ಸ್ಟೋರಿಗೆ ಹಾಕಿದರು. ಬೆಳಿಗ್ಗೆ ಹೆಲ್ಮೆಟ್ಟು, ಕೈಗವಸು ಹಂಚುವುದು, ಸಂಜೆ ತೆಗೆದಿಡುವುದು. ಇನ್ನು ನನ್ನ ಗೂಡಿಗೆ ಯಾರು? ನಾನೇ ಹೇಳಿದೆ: “ಇವರಿಗೆ ಲೈಸೆನ್ಸ್ ಇದೆ ಸರ್. ಕೈ ಪಳಗಿಲ್ಲ, ನಾನು ಹೇಳಿಕೊಡ್ತೀನಿ. ನಾನು ವಾಪಸ್ ಬಂದ ದಿನ ಇಳೀತಾರೆ.” ಹೊರಗಿನವರು ಬಂದು ಕೂತರೆ ಏಳಿಸುವುದು ಕಷ್ಟ, ಮನೆಯವರಾದರೆ ಸೀಟು ಎಲ್ಲಿಗೂ ಹೋಗುವುದಿಲ್ಲ ಅನ್ನುವುದು ನನ್ನ ಬುದ್ಧಿವಂತಿಕೆ. ಎಂಜಿನಿಯರು ಒಪ್ಪಿ, ಕೆಳಗಿನ ಸಿಗ್ನಲ್ಲಿಗೆ ಮೇಸ್ತ್ರಿಯನ್ನು ಹಾಕಿದರು. “ಆದ್ರೆ ಒಂದು ಮಾತಮ್ಮ. ಕೊನೇ ಬ್ಲಾಕಿನ ಕೆಲಸ ಶುರುವಾಗೋ ಹೊತ್ತಿಗೆ ಆ ಸೀಟಲ್ಲಿ ಯಾರಿರ್ತಾರೋ ಅವರೇ ಖಾಯಂ. ಮಧ್ಯದಲ್ಲಿ ಬದಲಾಯಿಸೋಕೆ ಆಗಲ್ಲ. ಅಷ್ಟರಲ್ಲಿ ಹುಷಾರಾಗಿ.”

ಅವತ್ತು ಸಂಜೆ ಇಬ್ಬರೂ ತಮ್ಮನ ಹತ್ತಿರ ಹೋದೆವು. ಮೆಟ್ಟಿಲು ಹತ್ತುವಾಗ ಇವರು ತಗ್ಗಿದ ದನಿಯಲ್ಲಿ, “ನಾನು ಕ್ರೇನ್ ಹತ್ತೋ ವಿಷ್ಯ ನಿನ್ನ ತಮ್ಮಂಗೆ ಹೇಳ್ಬೇಡ ಕಣೇ. ಹೆಂಡ್ತಿ ಸೀಟಲ್ಲಿ ಕೂತ ಅಂತ ಆಡ್ಕೋತಾನೆ” ಅಂದರು. ಪಾಪ ಅನ್ನಿಸಿತು. ಹೇಳುವುದಿಲ್ಲ ಅಂದೆ, ಹೇಳಲೂ ಇಲ್ಲ.

ತಮ್ಮ ಅವತ್ತು ನನ್ನನ್ನು ಬೇರೆ ಥರ ಮಲಗಿಸಿದ. ತಲೆ ಮಂಚದ ಅಂಚಿನಿಂದ ಆಚೆ ಜೋತುಬೀಳುವಂತೆ ಹಿಡಿದು, ಬಲಕ್ಕೆ ತಿರುಗಿಸಿ, ನನ್ನ ಕಣ್ಣುಗಳನ್ನೇ ನೋಡುತ್ತಾ ಕೂತ. ಕೋಣೆಯೆಲ್ಲ ಬುಗುರಿಯಾಯಿತು. “ಹೂಂ” ಅಂದು ಎತ್ತಿ ಕೂರಿಸಿದ. ಕೈ ತೊಳೆದು ಬರುತ್ತೇನೆ ಅಂತ ಹೊರಗೆ ಹೋದ. ಇವರು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಕೈ ತೊಳೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಒಳಗೆ ಬಂದವನು ನನ್ನ ಮುಖ ನೋಡದೆ, “ಇದೂ ಕತ್ತಿಂದೇ ಅಕ್ಕ. ಹಳೇ ಬಿಗಿತ. ನಿಧಾನಕ್ಕೆ ಹೋಗಬೇಕು” ಅಂದ.

ನಿಧಾನ ಅನ್ನುವ ಮಾತು ಅವತ್ತಿನಿಂದ ನಮ್ಮ ಮನೆಯಲ್ಲಿ ಬೀಡುಬಿಟ್ಟಿತು. ವಾರ ವಾರವೂ ಹೋಗುತ್ತಿದ್ದೆ. ವಾರ ವಾರವೂ ಲಟಕ್. ಹೆಗಲು ಹಗುರ, ಹಿಂದಲೆ ಹಗುರ, ಆದರೆ ಬಲಕ್ಕೆ ಹೊರಳಿದರೆ ಸೂರು ಮತ್ತೆ ಗರಗರ. “ಮೇಲೆ ನೋಡಬೇಡ, ಕೆಳಗೆ ಬಗ್ಗಬೇಡ, ಬಲಮಗ್ಗುಲಿಗೆ ಮಲಗಬೇಡ” ಅಂತ ತಮ್ಮ. ಬೆನ್ನ ಹಿಂದೆ ದಿಂಬಿನ ಮೇಲೆ ದಿಂಬು ಒಟ್ಟಿ, ಕೂತೇ ಮಲಗಿಸುವವರು ಇವರು. “ಅವಸರ ಏನಿದೆ? ನಿಧಾನಕ್ಕೆ ವಾಸಿ ಆಗು” ಅಂತ ನನ್ನ ತಲೆ ನೇವರಿಸುತ್ತಿದ್ದರು. ಮದುವೆಯಾದ ಹೊಸತರಲ್ಲೂ ಇಷ್ಟು ಅಕ್ಕರೆ ಕಂಡವಳಲ್ಲ ನಾನು. ಕಾಯಿಲೆಯೂ ಒಂದು ಭಾಗ್ಯವೇ ಅಂತ ಒಳಗೊಳಗೇ ಹಿಗ್ಗಿದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಸ್ಟೋರಿನ ಕೆಲಸದಲ್ಲಿ ದಿನ ತಳ್ಳುವುದು ನನ್ನಂಥವಳಿಗೆ ಶಿಕ್ಷೆ. ತಲೆ ದೊಡ್ಡದಿದ್ದವರಿಗೆ ಹೆಲ್ಮೆಟ್ ಹಿಡಿಸುವುದಿಲ್ಲ, ಸಣ್ಣದಿದ್ದವರಿಗೆ ಕಣ್ಣಿನ ಮೇಲೆ ಇಳಿಯುತ್ತದೆ, ಇಬ್ಬರೂ ನನ್ನನ್ನೇ ಬೈಯುತ್ತಾರೆ. ಒಮ್ಮೆ ಮೇಲಿನ ಕಪಾಟಿಗೆ ಕೈ ಚಾಚಿ ತಲೆಯೆತ್ತಿದೆ. ನೆಲ ಯಾವುದು, ಗೋಡೆ ಯಾವುದು ತಿಳಿಯಲಿಲ್ಲ. ಕಬ್ಬಿಣದ ಕಪಾಟಿನ ಅಂಚು ಗದ್ದಕ್ಕೆ ಬಡಿದು ಚರ್ಮ ಹರಿಯಿತು. ಗಾಯ ತೊಳೆದು ಪಟ್ಟಿ ಕಟ್ಟಿದವನು ತಮ್ಮನೇ. ಸರಿಯಾಗಲಿಲ್ಲ ಅಂತ ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದ. ಅಕ್ಕನ ಮೇಲೆ ಎಷ್ಟು ಪ್ರೀತಿ ನೋಡಿ ಅಂದುಕೊಂಡೆ. ಮನೆಗೆ ಬಂದರೆ ಇವರು ಕ್ಯಾಬಿನ್ನಿನ ಸುದ್ದಿ ಹೇಳುತ್ತಿದ್ದರು. ಸೀಟನ್ನು ತಮಗೆ ಬೇಕಾದ ಎತ್ತರಕ್ಕೆ ಸರಿಮಾಡಿಕೊಂಡಿದ್ದಾರಂತೆ, ಒಂದು ಮೆತ್ತೆ ಹಾಕಿಕೊಂಡಿದ್ದಾರಂತೆ. “ಮೆತ್ತೆ ಬೇರೆಯಾ! ಮಹಾರಾಜರು!” ಅಂತ ಗದ್ದ ಹಿಡಿದುಕೊಂಡೇ ನಕ್ಕೆ.

ಕೊನೇ ಬ್ಲಾಕಿನ ಪಾಯ ಮುಗಿಯುತ್ತಾ ಬಂತು. ನಾನು ದಿನ ಎಣಿಸತೊಡಗಿದೆ. ಆ ವಾರವೇ ತಮ್ಮ ಯಾವುದೋ ತರಬೇತಿಗೆ ಹೋಗಬೇಕಾಗಿ ಬಂತು. “ಒಂದು ವಾರ ಬಿಡು ಅಕ್ಕ, ಬಂದ ಮೇಲೆ ನೋಡೋಣ” ಅಂದಿದ್ದ. ಬಿಡುವಷ್ಟು ದಿನ ನನ್ನ ಹತ್ತಿರ ಉಳಿದಿರಲಿಲ್ಲ. ಕ್ಲಿನಿಕ್ಕಿಗೆ ಹೋದೆ.

ಅವನ ಜಾಗದಲ್ಲಿ ಒಬ್ಬ ಡಾಕ್ಟರಮ್ಮ ಕೂತಿದ್ದರು. ತಮ್ಮನ ಜೊತೆ ಓದಿದವರು, ದಪ್ಪ ತೋಳಿನ, ದೊಡ್ಡ ಗಂಟಲಿನ ಹೆಂಗಸು. ನಾನು ಯಾರು ಅಂತ ಹೇಳುವ ಮೊದಲೇ, “ಏನಮ್ಮ ತೊಂದರೆ?” ಅಂದರು. ಹೇಳಿದೆ. ಹೊರಳಿದರೆ ಸುತ್ತುತ್ತದೆ, ಬಗ್ಗಿದರೆ ಸುತ್ತುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ.

“ಯಾವ ಕಡೆ ಹೊರಳಿದ್ರೆ?”

“ಬಲಕ್ಕೆ.”

“ಮಲಗಿ.”

ಅವತ್ತು ತಮ್ಮ ಮಲಗಿಸಿದ ಹಾಗೇ, ತಲೆ ಅಂಚಿನಿಂದಾಚೆ, ಬಲಕ್ಕೆ. ಕೋಣೆ ಬುಗುರಿಯಾಯಿತು. “ಆಹಾ, ಕಣ್ಣು ಹೇಗೆ ಕುಣೀತಾ ಇದೆ ನೋಡಿ! ತಡ್ಕೊಳ್ಳಿ, ತಡ್ಕೊಳ್ಳಿ. ಮುಚ್ಚಬೇಡಿ” ಅಂದರು. ಸುತ್ತು ನಿಂತ ಮೇಲೆ ತಲೆಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿ ಹಿಡಿದರು. ಆಮೇಲೆ ಮೈಯನ್ನೂ ಎಡಕ್ಕೆ ಹೊರಳಿಸಿ ಮೂಗು ನೆಲದ ಕಡೆ. ಆಮೇಲೆ ಕಾಲು ಇಳಿಬಿಟ್ಟು ಎತ್ತಿ ಕೂರಿಸಿದರು. ಇನ್ನೊಂದು ಸಲ ಅದೇ ಸುತ್ತಿನ ಪ್ರದಕ್ಷಿಣೆ. ಈ ಸಲ ಕೋಣೆ ಅಲ್ಲಾಡಲಿಲ್ಲ. ಲಟಕ್ ಇಲ್ಲ, ಪಟಕ್ ಇಲ್ಲ.

“ಇದು ಕತ್ತಿಂದಲ್ಲಮ್ಮ, ಕಿವೀದು. ಒಳಗಿವೀಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿರ್ತವೆ. ಜಾಗ ತಪ್ಪಿ ಬೇರೆ ಕಡೆ ಹೋದ್ರೆ ತಲೆ ಹೀಗೆ ಸುತ್ತತ್ತೆ. ಹೊರಳಿಸಿ ಹೊರಳಿಸಿ ವಾಪಸ್ ಅದರ ಜಾಗಕ್ಕೆ ಕಳಿಸೋದು, ಅಷ್ಟೇ. ಎಷ್ಟು ದಿನದಿಂದ ಇತ್ತು?”

“ತಿಂಗಳುಗಟ್ಟಲೆಯಿಂದ.”

“ಅಯ್ಯೋ ಪುಣ್ಯಾತ್ಗಿತ್ತಿ! ಇಲ್ಲಿಗೆ ಮೊದಲೇ ಬರಬಾರದಾಗಿತ್ತಾ? ಈ ಕ್ಲಿನಿಕ್ಕಿನ ಡಾಕ್ಟರಿದಾನಲ್ಲ, ನಮ್ಮ ಕ್ಲಾಸಲ್ಲಿ ಇದನ್ನ ಅವನಷ್ಟು ಚೆನ್ನಾಗಿ ಮಾಡೋರೇ ಇರ್ಲಿಲ್ಲ. ಕಣ್ಣು ನೋಡಿದ ತಕ್ಷಣ ಯಾವ ಕಡೆ ಹರಳು ಅಂತ ಹೇಳೋನು. ನಂಗೆ ಕಲಿಸಿದ್ದೂ ಅವನೇ.”

ಡಾಕ್ಟರಮ್ಮ ಸಂತೋಷದಿಂದ ನನ್ನ ಬೆನ್ನು ತಟ್ಟಿದರು. ಮೆಟ್ಟಿಲಿಳಿದು ಬೀದಿಗೆ ಬಂದು ಬೇಕೆಂದೇ ತಲೆಯೆತ್ತಿ ಆಕಾಶ ನೋಡಿದೆ, ಬಲಕ್ಕೆ ಬಗ್ಗಿ ಚಪ್ಪಲಿ ನೋಡಿದೆ. ಏನೂ ಆಗಲಿಲ್ಲ. ಕುಣಿದಾಡಬೇಕಿತ್ತು. ಆದರೆ ಆ ಜೋತುಬಿದ್ದ ತಲೆ, ಆ “ಹೂಂ”, ಮುಗಿಯದ ಆ ಕೈತೊಳೆತ, ಎಲ್ಲ ಒಟ್ಟಿಗೆ ನೆನಪಾಯಿತು. ಅವನಿಗೆ ಮೊದಲ ದಿನವೇ ಗೊತ್ತಾಗಿತ್ತು. ಗೊತ್ತಿದ್ದೂ ಗೊತ್ತಿದ್ದೂ ನನ್ನ ಕಿವಿಯ ಮೇಲೆ ಹೂವಿಟ್ಟಿದ್ದ.

ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಇವರು ದಿಂಬು ಒಟ್ಟಿದರು, ಒರಗಿಕೊಂಡೆ. ತಮ್ಮ ತರಬೇತಿ ಮುಗಿಸಿ ಬಂದ ದಿನ ಬೆಳಿಗ್ಗೆ, ಅವನು ಕ್ಲಿನಿಕ್ಕಿನ ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಕೂತಿದ್ದೆ. ಒಳಗೆ ಹೋದ ತಕ್ಷಣ ಮಂಚದ ಮೇಲೆ ಧೊಪ್ಪನೆ ಅಂಗಾತ ಬಿದ್ದು, ತಲೆ ಜೋತುಬಿಟ್ಟು, ಬಲಕ್ಕೆ ತಿರುಗಿ, ಕಣ್ಣು ಅಗಲ ಮಾಡಿ ಅವನನ್ನೇ ನೋಡಿದೆ.

“ನೋಡೋ. ಕಣ್ಣು ಕುಣೀತಾ ಇದೆಯಾ?”

ಅವನ ಮುಖ ಬಿಳಿಚಿಕೊಂಡಿತು.

“ಯಾಕೋ?” ಅಂದೆ. “ನಾನೇನು ನಿಂಗೆ ಕೇಡು ಮಾಡಿದ್ನಾ? ಚಿಕ್ಕಂದಿನಲ್ಲಿ ಸೊಂಟದ ಮೇಲೆ ಹೊತ್ತು ತಿರುಗಿದೀನಿ ನಿನ್ನ. ಯಾಕೆ ಹೀಗೆ ಮಾಡಿದೆ?”

“ಭಾವ ಕೇಳ್ಕೊಂಡ್ರು ಅಕ್ಕ. ಅವತ್ತು ಹೊರಗೆ ಬಂದು, ಇದು ಕಿವೀದು, ಈಗಲೇ ಸರಿ ಮಾಡ್ತೀನಿ ಅಂದೆ. ಭಾವ ಕೈ ಹಿಡ್ಕೊಂಡ್ರು. ಅಷ್ಟು ಎತ್ತರದಿಂದ ಬಿದ್ರೆ ಏನು ಗತಿ, ಬುದ್ಧಿ ಹೇಳಿದ್ರೆ ಕೇಳೋಳಲ್ಲ, ಇದೇ ನೆಪದಲ್ಲಿ ಕೆಳಗಿಳಿದ್ರೆ ಸಾಕು ಅಂದ್ರು. ಕೊನೇ ಬ್ಲಾಕ್ ಶುರುವಾದ ಮೇಲೆ ವಾಸಿ ಮಾಡು ಅಂದ್ರು. ಕಣ್ಣಲ್ಲಿ ನೀರು ಹಾಕ್ಕೊಂಡ್ರು ಅಕ್ಕ. ನಂಗೂ ನೀನು ಮೇಲೆ ಹತ್ತೋದು ಅಂದ್ರೆ ಮೊದಲಿಂದ ಭಯ.”

ಅಳುವವರ ಮುಂದೆ ಇವನು ಯಾವತ್ತೂ ಕರಗುವವನೇ. ನನಗೆ ಒಂದು ಕ್ಷಣ ಕೋಪ ಇಳಿಯಿತು. ಇಬ್ಬರೂ ಸೇರಿ ಪ್ರೀತಿಯಿಂದ ಮಾಡಿದ ದಡ್ಡತನ ಇರಬಹುದೇ ಅನ್ನಿಸಿತು. ಅನ್ನಿಸಿದ್ದು ಒಂದೇ ಕ್ಷಣ. ಆಮೇಲೆ ಕೇಳಿದೆ:

“ಈಗ ಆ ಕ್ರೇನ್ ಯಾರು ಓಡಿಸ್ತಿದಾರೆ, ಗೊತ್ತಾ ನಿಂಗೆ?”

“ಯಾರೋ ಹೊಸಬ ಬಂದಿದಾನೆ ಅಂದ್ರು ಭಾವ.”

“ನಿನ್ನ ಭಾವನೇ ಕಣೋ.”

ಕೆಳಗೆ ಬೀಗದಂಗಡಿಯವನು ಕೀಲಿ ಉಜ್ಜುವ ಸದ್ದು ಕೇಳುತ್ತಿತ್ತು. ನಾನು ಮಾತು ಕೊಟ್ಟೆ ಅಂತ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದು ಯಾರಿಗೆ ಉಪಕಾರವಾಯಿತು ಅಂತ ಆಗ ತಿಳಿಯಿತು.

“ನಂಗೂ ಮೋಸ ಮಾಡಿದ್ರು ಅಕ್ಕ” ಅಂದ, ಅಳುತ್ತಾ.

“ಅವರು ನಿಂಗೆ ಮೋಸ ಮಾಡಿದ್ರು. ನೀನು ನಂಗೆ ಮಾಡಿದೆ. ಗದ್ದಕ್ಕೆ ಪಟ್ಟಿ ಕಟ್ಟೋವಾಗಲೂ ಹೇಳ್ಲಿಲ್ಲ.” ಎದ್ದು ನಿಂತೆ. ಅವನು ನನ್ನ ಕೈ ಹಿಡಿಯಲು ಬಂದ, ಬಿಡಿಸಿಕೊಂಡೆ.

ಸೈಟಿಗೆ ಹೋಗಿ ಎಂಜಿನಿಯರಿಗೆ ವಾಸಿಯಾಯಿತು ಅಂದೆ. ಅವರು ಹುಬ್ಬೇರಿಸಿ, “ನೀವು ಇನ್ನು ಹತ್ತಲ್ಲ ಅಂತ ನಿಮ್ಮವರು ಹೇಳಿದ್ರಲ್ಲ? ನಾಳೆ ಅವರನ್ನೇ ಖಾಯಂ ಮಾಡೋದ್ರಲ್ಲಿದ್ದೆ” ಅಂದರು. ಸೈಟಿನ ಡಾಕ್ಟರು ಬಂದು ನನ್ನನ್ನು ಒಂಟಿಕಾಲಲ್ಲಿ ನಿಲ್ಲಿಸಿದರು, ಕಣ್ಣು ಮುಚ್ಚಿಸಿ ನಡೆಸಿದರು, ಮಲಗಿಸಿ ಹೊರಳಿಸಿದರು. ಎಲ್ಲ ಸರಿಯಾಗಿದೆ ಅಂದರು. ಎಂಜಿನಿಯರು ವಾಕಿ-ಟಾಕಿಯಲ್ಲಿ ಇವರನ್ನು ಕೆಳಗೆ ಕರೆದರು.

ಇವರು ಏಣಿಯಿಳಿದು ಬಂದರು. ನನ್ನ ಮುಖ ನೋಡಿದ ಕೂಡಲೇ ಅರ್ಥವಾಯಿತು. ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ತಮ್ಮನ ಹತ್ರ ಹೋಗಿದ್ದೆ” ಅಂದೆ.

“ನಿನ್ನ ಒಳ್ಳೇದಕ್ಕೇ ಕಣೇ...”

“ನನ್ನ ಒಳ್ಳೇದು ನನ್ನ ಸೀಟಲ್ಲಿ ಮೆತ್ತೆ ಹಾಕ್ಕೊಂಡು ಕೂತಿತ್ತಾ?”

ಇವರ ದನಿ ಬೇರೆಯಾಯಿತು. “ಎಷ್ಟು ವರ್ಷ ಕೆಳಗೆ ನಿಂತು ಕತ್ತೆತ್ತಿ ನಿನ್ನನ್ನೇ ನೋಡ್ತಾ ಇರಲಿ? ಕೆಳಗಿನಪ್ಪ ಅಂತೆ, ಕೆಳಗಿನಪ್ಪ! ನಂಗೂ ಒಂದು ಸಲ ಮೇಲೆ ಕೂರಬೇಕು ಅನ್ಸಲ್ವಾ?”

“ನನ್ನ ಕೇಳಿದ್ರೆ ಕೊಡ್ತಿದ್ದೆನಲ್ರೀ” ಅಂದೆ. ನಿಜವಾಗಿಯೂ ಕೊಡುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಆದರೆ ಕೇಳಲಿಲ್ಲ ಅನ್ನುವುದು ಗೊತ್ತು. ನನ್ನ ತಲೆ ತಿರುಗುತ್ತಿರಲಿ ಅಂತ ಬಿಟ್ಟು, ಅದೇ ತಲೆಯನ್ನು ನೇವರಿಸಿದ್ದರು. ಅದನ್ನು ನೆನೆದು ನನಗೆ ಎಲ್ಲರೆದುರೇ ಅಳು ಬಂತು.

ಎಂಜಿನಿಯರಿಗೆ ಗಂಡಹೆಂಡಿರ ರಾಮಾಯಣ ಬೇಡವಾಗಿತ್ತು. “ಆಯ್ತಲ್ಲ, ಸೀಟು ನಿಮ್ಮದೇ ಅಮ್ಮ. ಇವರು ಮೊದಲಿನ ಹಾಗೆ ಕೆಳಗೆ ಸಿಗ್ನಲ್ ಕೊಡ್ಲಿ. ಈಗಲೇ ಹತ್ತಿ” ಅಂದರು. ಇವರೂ ತಲೆಯಾಡಿಸಿ, “ಹೂಂ, ಮೊದಲಿನ ಹಾಗೇ” ಅಂದು ವಾಕಿ-ಟಾಕಿಗೆ ಕೈ ಚಾಚಿದರು.

ನಾನು ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ. ಕಾಲು ಅಲ್ಲೇ ನಿಂತಿತು.

“ಆಗಲ್ಲ ಸರ್” ಅಂದೆ. “ಗೋಡೆ ಹಿಂದೆ ಹೋದ ಕಂಬಿ ಮೇಲಿಂದ ನಂಗೆ ಕಾಣಲ್ಲ. ಅಲ್ಲಿ ಜನ ಇದಾರಾ ಇಲ್ವಾ ಅದೂ ಕಾಣಲ್ಲ. ಕೆಳಗಿರೋರು ಇಳಿಸು ಅಂದ್ರೆ ಇಳಿಸಬೇಕು. ಇವರು ಇಳಿಸು ಅಂದ್ರೆ ಇನ್ನು ನನ್ನ ಕೈ ಆಡಲ್ಲ. ಕೆಳಗೆ ಬೇರೆ ಯಾರನ್ನಾದ್ರೂ ಕೊಡಿ.”

“ಸದ್ಯಕ್ಕೆ ಬೇರೆ ಯಾರೂ ಇಲ್ವಲ್ಲಮ್ಮ. ಸಿಗ್ನಲ್ ಕಲಿತವರು ಬರೋಕೆ ಇನ್ನೂ ದಿನ ಬೇಕು. ಅಲ್ಲಿವರೆಗೂ ಕೆಲಸ ನಿಲ್ಲಿಸೋಕಾಗತ್ತಾ? ನೀವು ಹತ್ತಲಿಲ್ಲ ಅಂದ್ರೆ ಇವರನ್ನೇ ಹತ್ತಿಸಬೇಕಾಗತ್ತೆ.”

“ಈಗ ಇವರಿಗೆ ಸಿಗ್ನಲ್ ಕೊಡೋ ಮೇಸ್ತ್ರಿನೇ ನಂಗೂ ಕೊಡ್ಲಿ.”

“ಅವರು ಇವತ್ತೇ ಕಡೆ, ಆಮೇಲೆ ಬೇರೆ ಸೈಟಿಗೆ. ನಾಳೆಯಿಂದ ಇವರೋ ನೀವೋ ಕೆಳಗೆ ನಿಲ್ಲಲೇಬೇಕು. ಇವರ ಮಾತಿಗೆ ನೀವು, ಇಲ್ಲ ನಿಮ್ಮ ಮಾತಿಗೆ ಇವರು. ಕೊನೇ ಬ್ಲಾಕಿಗೆ ಮೇಲೆ ಕೂತವರೇ ಖಾಯಂ. ನೀವೇ ಹೇಳಿ.”

ನಾನು ಇವರ ಕಡೆ ನೋಡಿದೆ. ಇಷ್ಟು ವರ್ಷ ಜೊತೆಗೆ ಬಾಳಿದವರು. ನನಗೆ ಬೇಡ, ಅವಳದ್ದು ಅವಳಿಗೇ ಇರಲಿ, ನಾನು ಸ್ಟೋರಿನಲ್ಲಿ ಕೂರುತ್ತೇನೆ, ಜನ ಬರುವವರೆಗೂ ಕ್ರೇನ್ ನಿಲ್ಲಲಿ ಅಂತ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡುತ್ತಾರೆ ಅಂತಲೇ ಕಾದೆ. ನಾಚಿಕೆ ಬಿಟ್ಟು ಕಾದೆ. ಏಣಿಯಿಂದ ಕಾಲು ತೆಗೆದು, ದಾರಿ ಬಿಟ್ಟು ನಿಂತೆ.

“ನಾನು ಕೆಳಗಿರ್ತೀನಿ ಸರ್” ಅಂದೆ, ಇವರನ್ನೇ ನೋಡುತ್ತಾ.

ಇವರು ನನ್ನನ್ನು ನೋಡಿದರು, ಎಂಜಿನಿಯರನ್ನು ನೋಡಿದರು. ಆಮೇಲೆ ಹೆಲ್ಮೆಟ್ ತಲೆಗೆ ಹಾಕಿಕೊಂಡು ಏಣಿ ಹತ್ತಿದರು.